ಅಪ್ಪರ್-ಡಿಪ್ಪರ್: ರಾತ್ರಿ ದಾರಿಯ ಬೆಳಕು



ಇಂದು ನಾನು ತಮ್ಮೆದುರು ಇಡಲಿರುವ ವಿಷಯ ದೊಡ್ಡ ಶಾಸ್ತ್ರದ್ದೇನೂ ಅಲ್ಲ. ಮೋಟಾರು ಗಾಡಿಗಳ ಮುಂದಿನ ದೀಪದ್ದು. ನಾನು ಮ್ಯಾಟ್ರಿಕ್‌ವರೆಗೆ ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಎಂಜಿನಿಯರನಲ್ಲ. ಆದರೆ ಕೂಡಿಸಿ ಕಳೆಯುವ ಲೆಕ್ಕ ಬಲ್ಲೆ. ಜತ್ತ, ಕಾಗವಾಡ, ಅಥಣಿ ಕಡೆಗೆ ರಾತ್ರಿ ಹೊತ್ತು ಎಷ್ಟೋ ಸಲ ಓಡಾಡಿದ್ದೇನೆ. ಆ ಓಡಾಟದಲ್ಲಿ ಕಂಡದ್ದನ್ನೂ ಗ್ಯಾರೇಜಿನವರಿಂದ ಕೇಳಿ ತಿಳಿದದ್ದನ್ನೂ ಕೂಡಿಸಿ ಹೇಳುತ್ತೇನೆ.

ಗಾಡಿಯ ಮುಂದಿನ ದೀಪಕ್ಕೆ ಎರಡು ಬೆಳಕು ಇರುವುದು ತಮಗೆಲ್ಲ ಗೊತ್ತು. ದೂರಕ್ಕೆ ನೇರವಾಗಿ ಹೋಗುವ ಬೆಳಕಿಗೆ ನಮ್ಮ ಕಡೆ ಅಪ್ಪರ್ ಎನ್ನುತ್ತಾರೆ. ಕೆಳಕ್ಕೆ ಬಾಗಿ ಸಮೀಪದ ರಸ್ತೆಯ ಮೇಲೆ ಬೀಳುವ ಬೆಳಕಿಗೆ ಡಿಪ್ಪರ್ ಎನ್ನುತ್ತಾರೆ. ಲಾರಿಗಳ ಹಿಂದೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ಬಣ್ಣಬಣ್ಣದ ಅಕ್ಷರಗಳಲ್ಲಿ ಬರೆದಿರುವುದನ್ನು ಇಂಗ್ಲಿಷು ಬಾರದ ನಮ್ಮ ಹಳ್ಳಿಯ ಹುಡುಗರೂ ಓದಿ ಬಲ್ಲರು. ರಾತ್ರಿ ಡಿಪ್ಪರ್ ಬಳಸಿರಿ ಎಂಬ ವಿನಂತಿ ಅದು. ವಿನಂತಿ ಹಳೆಯದು, ಪಾಲಿಸುವವರು ಕಡಿಮೆ.

ಈಗ ಹೊಸ ಕಾರುಗಳಲ್ಲಿ ಈ ಅಪ್ಪರ್-ಡಿಪ್ಪರ್ ಕೆಲಸವನ್ನು ಗಾಡಿಯೇ ಮಾಡಿಕೊಳ್ಳುವ ಏರ್ಪಾಡು ಬಂದಿದೆ. ಎದುರಿಗೆ ಗಾಡಿ ಬಂದರೆ ಬೆಳಕು ತಾನಾಗಿ ಇಳಿಯುತ್ತದೆ, ಅದು ದಾಟಿ ಹೋದರೆ ತಾನಾಗಿ ಏರುತ್ತದೆ. ಇದು ಒಳ್ಳೆಯದೋ ಕೆಟ್ಟದೋ, ನಮ್ಮ ಸಾಂಗಲಿ-ಮಿರಜ ಭಾಗದ ರಸ್ತೆಗಳಿಗೆ ಎಷ್ಟು ಹೊಂದುತ್ತದೆ, ಇದನ್ನು ನಂಬಿ ನಾವು ಕೈಕಟ್ಟಿ ಕೂಡಬಹುದೇ ಎಂಬುದೇ ಇಂದಿನ ವಿಚಾರ.

ಮೊದಲು ಬೆಳಕಿನ ಲೆಕ್ಕ ನೋಡೋಣ. ಸಾಮಾನ್ಯ ಕಾರಿನ ಡಿಪ್ಪರ್ ಬೆಳಕು ಸುಮಾರು 40ರಿಂದ 50 ಮೀಟರಿನವರೆಗೆ ರಸ್ತೆಯನ್ನು ಚೆನ್ನಾಗಿ ತೋರಿಸುತ್ತದೆ. ಅಪ್ಪರ್ ಬೆಳಕು 100 ಮೀಟರ್ ಮತ್ತು ಅದಕ್ಕೂ ಮುಂದಕ್ಕೆ ಹೋಗುತ್ತದೆ. ಇನ್ನು ವೇಗದ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ಎಂದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಟ. ಅಡ್ಡ ಏನೋ ಬಂದದ್ದು ಕಣ್ಣಿಗೆ ಬಿದ್ದು, ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡು ಹಿಡಿಯಿರಿ. ಅಷ್ಟರಲ್ಲಿ 25 ಮೀಟರ್ ಖರ್ಚಾಯಿತು. ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ಗಾಡಿ ನಿಲ್ಲಲು ಮತ್ತೆ ಸುಮಾರು 20 ಮೀಟರ್. ಒಟ್ಟು 45. ಡಿಪ್ಪರಿನ ಬೆಳಕು 50 ಮೀಟರ್ ಇದ್ದರೆ ಐದು ಮೀಟರ್ ಶಿಲ್ಲಕು ಉಳಿಯಿತು.

ಅದೇ ಗಾಡಿ 80ರಲ್ಲಿ ಹೊರಟಿತೆನ್ನಿ. ಸೆಕೆಂಡಿಗೆ 22 ಮೀಟರ್. ಯೋಚನೆಗೆ 33 ಮೀಟರ್, ನಿಲ್ಲಲು 35 ಮೀಟರ್, ಒಟ್ಟು 68. ಬೆಳಕಿರುವುದು 50. ಜಮಾ ಇರುವುದಕ್ಕಿಂತ 18 ಮೀಟರ್ ಹೆಚ್ಚಿಗೆ ಖರ್ಚು ಬಿತ್ತು. ಬ್ಯಾಂಕಿನಲ್ಲಿ ಖಾತೆಯಲ್ಲಿ ಹಣ ಇಲ್ಲದಿದ್ದರೆ ಚೆಕ್ಕು ತಿರುಗಿ ಬರುತ್ತದೆ, ಅಷ್ಟೆ. ರಸ್ತೆಯ ಮೇಲೆ ಈ 18 ಮೀಟರನ್ನು ಯಾರದೋ ಕೈಕಾಲು ಕೊಟ್ಟು ತುಂಬಬೇಕಾಗುತ್ತದೆ.

ಆದ್ದರಿಂದ ಕತ್ತಲೆಯ ಖಾಲಿ ರಸ್ತೆಯಲ್ಲಿ ಅಪ್ಪರ್ ಬಳಸುವುದು ತಪ್ಪಲ್ಲ, ಅದು ಬೇಕು. ದೀಪ ಕೊಟ್ಟಿರುವುದೇ ಅದಕ್ಕಾಗಿ. ತಪ್ಪಾಗುವುದು ಎದುರಿಗೆ ಮನುಷ್ಯ ಬಂದಾಗಲೂ ಅದನ್ನು ಇಳಿಸದಿದ್ದಾಗ.

ಎದುರಿನ ಅಪ್ಪರ್ ಬೆಳಕು ಕಣ್ಣಿಗೆ ಬಿದ್ದರೆ ಏನಾಗುತ್ತದೆ? ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆ ಹಿಗ್ಗಿರುತ್ತದೆ. ತೀಕ್ಷ್ಣ ಬೆಳಕು ಬಿದ್ದೊಡನೆ ಅದು ಕುಗ್ಗುತ್ತದೆ. ಬೆಳಕು ದಾಟಿ ಹೋದ ಮೇಲೆ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು. ಮೂರು ಸೆಕೆಂಡು ಎನ್ನೋಣ. 60ರ ವೇಗದಲ್ಲಿ ಮೂರು ಸೆಕೆಂಡಿಗೆ 50 ಮೀಟರ್. ಅಂದರೆ 50 ಮೀಟರ್ ದೂರ ಆ ಚಾಲಕ ಕಣ್ಣು ಕಟ್ಟಿಕೊಂಡು ಗಾಡಿ ಹೊಡೆದ ಹಾಗೆ. ವಯಸ್ಸಾದವರಿಗೆ ಈ ತೊಂದರೆ ಇನ್ನೂ ಹೆಚ್ಚು. ಕಣ್ಣಿನ ಮಸೂರ ಮಬ್ಬಾಗುತ್ತ ಬಂದಂತೆ, ಮೋತಿಬಿಂದು ಶುರುವಾದಂತೆ, ಬೆಳಕು ಕಣ್ಣಿನೊಳಗೆ ಚದುರಿ ಎಲ್ಲ ಕಡೆ ಬಿಳಿ ಮಂಜು ಹರಡಿದ ಹಾಗೆ ಆಗುತ್ತದೆ. ಅರವತ್ತು ದಾಟಿದ ನನ್ನ ಓರಗೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಕೂಡ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಇದನ್ನೇ ಹೇಳುತ್ತದೆ. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಕಣ್ಣು ಕುಕ್ಕದಂತೆ ಬೆಳಕು ಕೆಳಗೆ ಬಾಗಿರಬೇಕು, ಇಲ್ಲವೇ ಚಾಲಕನು ಅದನ್ನು ಬಾಗಿಸಲು ಅನುಕೂಲವಿರಬೇಕು ಎಂಬುದು ಅದರ ಸಾರ. ಇಲ್ಲಿ ಒಂದು ಮಾತು ಗಮನಿಸಿರಿ. ನಿಯಮವು ಎದುರಿನ ಮೋಟಾರು ಗಾಡಿಯ ಚಾಲಕ ಎಂದು ಹೇಳಿಲ್ಲ. ಯಾವುದೇ ವ್ಯಕ್ತಿ ಎಂದು ಹೇಳಿದೆ. ಕಾಲ್ನಡಿಗೆಯವನೂ ವ್ಯಕ್ತಿ, ಸೈಕಲ್ಲಿನವನೂ ವ್ಯಕ್ತಿ, ಚಕ್ಕಡಿ ಹೊಡೆಯುವವನೂ ವ್ಯಕ್ತಿ.

ಹಿಂದಿನ ಕಾಲದ ಜೀಪು, ಲಾರಿಗಳಲ್ಲಿ ಡಿಪ್ಪರ್ ಗುಂಡಿ ಕಾಲ ಬಳಿ ಇರುತ್ತಿತ್ತು. ಎಡಗಾಲಿನಿಂದ ಒತ್ತಿದರೆ ಬೆಳಕು ಇಳಿಯುತ್ತಿತ್ತು, ಮತ್ತೆ ಒತ್ತಿದರೆ ಏರುತ್ತಿತ್ತು. ಹಳೆಯ ಡ್ರೈವರುಗಳು ಎದುರಿನ ಗಾಡಿ ಕಂಡೊಡನೆ ಒತ್ತುತ್ತಿದ್ದರು, ಆತನೂ ಒತ್ತುತ್ತಿದ್ದ. ಗುರುತು ಪರಿಚಯ ಇಲ್ಲದ ಇಬ್ಬರು ಕತ್ತಲೆಯಲ್ಲಿ ಒಬ್ಬರಿಗೊಬ್ಬರು ಕೈಮುಗಿದ ಹಾಗೆ ಅದು. ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುವ ರೂಢಿಯೂ ಆಗ ಇತ್ತು. ಮುಂದೆ ಗುಂಡಿ ಕಾಲಿನಿಂದ ಕೈಗೆ ಬಂದು, ಸ್ಟೇರಿಂಗಿನ ಬಗಲಿನ ಲಿವರಿನಲ್ಲಿ ಕೂತಿತು. ಈಗ ಕೈಯನ್ನೂ ಬಿಟ್ಟು ಕ್ಯಾಮರಾಕ್ಕೆ ಹೋಗಿದೆ.

ತಾನಾಗಿ ಇಳಿಯುವ ದೀಪ ತೀರ ಹೊಸದು ಎಂದು ತಿಳಿಯಬೇಡಿರಿ. ಅಮೇರಿಕದ ಜನರಲ್ ಮೋಟರ್ಸ್ ಕಂಪನಿ 1952ರಲ್ಲಿಯೇ ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬಿಲ್ ಕಾರುಗಳಿಗೆ ‘ಆಟ್ರಾನಿಕ್ ಐ’ ಎಂಬ ಸಾಧನ ಕೊಟ್ಟಿತ್ತು. ಸ್ಟೇರಿಂಗಿನ ಮುಂದಿನ ಹಲಗೆಯ ಮೇಲೆ ಕೂಡಿಸಿದ ಆ ಕಣ್ಣು ಎದುರಿನ ಬೆಳಕನ್ನು ಹಿಡಿದು ದೀಪ ಇಳಿಸುತ್ತಿತ್ತು. ಈಗಿನ ಏರ್ಪಾಡಿನಲ್ಲಿ ಮುಂದಿನ ಗಾಜಿನ ಒಳಗೆ, ಕನ್ನಡಿಯ ಹತ್ತಿರ ಒಂದು ಸಣ್ಣ ಕ್ಯಾಮರಾ ಇರುತ್ತದೆ. ಅದು ಎದುರಿನಿಂದ ಬರುವ ಬಿಳಿ ದೀಪಗಳನ್ನೂ ಮುಂದೆ ಹೋಗುತ್ತಿರುವ ಗಾಡಿಯ ಹಿಂದಿನ ಕೆಂಪು ದೀಪಗಳನ್ನೂ ಹುಡುಕುತ್ತಿರುತ್ತದೆ. ಅಂಥ ದೀಪ ಕಂಡರೆ ಡಿಪ್ಪರ್, ಕಾಣದಿದ್ದರೆ ಅಪ್ಪರ್. ಬೀದಿದೀಪದ ಊರೊಳಗೆ, ತೀರ ನಿಧಾನದ ಓಟದಲ್ಲಿ ಅದು ಅಪ್ಪರ್ ಹಾಕುವುದಿಲ್ಲ. ಇದಕ್ಕಿಂತ ಮುಂದುವರಿದ ದೀಪಗಳೂ ಇವೆ. ಜರ್ಮನಿಯ ಆಡಿ ಕಂಪನಿ 2013ರಲ್ಲಿ ತನ್ನ ಎ8 ಕಾರಿಗೆ ಇಟ್ಟ ದೀಪದಲ್ಲಿ ಹಲವಾರು ಎಲ್‌ಇಡಿಗಳಿದ್ದು, ಎದುರಿನ ಗಾಡಿ ಇರುವಷ್ಟು ಜಾಗವನ್ನು ಮಾತ್ರ ನೆರಳು ಮಾಡಿ ಉಳಿದ ಕಡೆ ಅಪ್ಪರ್ ಬೆಳಕನ್ನೇ ಉಳಿಸುತ್ತವೆ. ಅಮೇರಿಕದ ಸರಕಾರ ಇಂಥ ದೀಪಗಳಿಗೆ 2022ರಲ್ಲಿ ಒಪ್ಪಿಗೆ ಕೊಟ್ಟಿತು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮ ದೇಶದಲ್ಲಿ 2017ರ ಏಪ್ರಿಲ್‌ನಿಂದ ಹೊಸ ಮೋಟಾರ್ ಸೈಕಲ್ಲು, ಸ್ಕೂಟರುಗಳ ದೀಪ ಹಗಲೂ ರಾತ್ರಿ ತಾನಾಗಿ ಉರಿಯುತ್ತದೆ. ‘ನಿಮ್ಮ ಲೈಟು ಹತ್ತೇದ’ ಎಂದು ಎದುರಿನವರು ಕೈ ಮಾಡಿ ಹೇಳಿ ಹೇಳಿ ದಣಿದರು. ಅದು ಬೇರೆ. ಅದು ದೀಪ ಹೊತ್ತಿಸುವ ಏರ್ಪಾಡು, ಇಳಿಸಿ ಏರಿಸುವ ಏರ್ಪಾಡಲ್ಲ. ಅಲ್ಲಿ ಡಿಪ್ಪರ್ ಒತ್ತುವ ಕೆಲಸ ಸವಾರನ ಹೆಬ್ಬೆರಳಿಗೇ ಸೇರಿದ್ದು.

ಯಂತ್ರದ ಗುಣವನ್ನು ಗುಣವೆಂದೇ ಹೇಳಬೇಕು. ಯಂತ್ರಕ್ಕೆ ದಣಿವಿಲ್ಲ, ಮರೆವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅದಕ್ಕೆ ಹಟವಿಲ್ಲ. ‘ಮೊದಲು ಅವನು ಇಳಿಸಲಿ, ಆಮೇಲೆ ನಾನು’ ಎಂದು ಇಬ್ಬರೂ ಅಪ್ಪರ್ ಹಾಕಿಕೊಂಡು ಎದುರುಬದುರಾಗಿ ಬರುವ ಮೂರ್ಖತನ ನಮ್ಮಲ್ಲಿ ದಿನವೂ ನಡೆಯುತ್ತದೆ. ಅಂಥ ಹಟಮಾರಿ ಚಾಲಕನಿಗಿಂತ ಈ ಕ್ಯಾಮರಾ ನೂರು ಪಾಲು ಸುಸಂಸ್ಕೃತ. ಕತ್ತಲೆಯ ರಸ್ತೆಯಲ್ಲಿ ಅಪ್ಪರ್ ಹಾಕಲು ಬೇಸರಪಟ್ಟು ಡಿಪ್ಪರಿನಲ್ಲೇ ಜೋರಾಗಿ ಹೋಗುವವನಿಗೂ ಇದರಿಂದ ಲಾಭವಿದೆ.

ಆದರೆ ನಮ್ಮ ರಸ್ತೆ ಎಂಥದು? ಕಬ್ಬಿನ ಹಂಗಾಮು ಬಂತೆಂದರೆ, ದೀಪಾವಳಿಯ ಆಸುಪಾಸಿನಿಂದ ಹಿಡಿದು ಹೋಳಿ ಹುಣ್ಣಿವೆಯ ತನಕ, ಕೃಷ್ಣಾ ದಂಡೆಯ ರಸ್ತೆಗಳೆಲ್ಲ ಕಬ್ಬಿನವೇ. ಸಾಂಗಲಿಯ ಕಾರಖಾನೆ, ಶಿರೋಳದ ಕಾರಖಾನೆ, ಗಡಿಯಾಚೆ ಉಗಾರದ ಕಾರಖಾನೆ. ಬೀಡ ಕಡೆಯಿಂದ, ನಮ್ಮ ಜತ್ತದ ಕಡೆಯಿಂದ ಕಬ್ಬು ಕಡಿಯುವ ತಂಡಗಳು ಹೆಂಡರು ಮಕ್ಕಳೊಂದಿಗೆ ಬರುತ್ತವೆ. ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು, ಸಾಲು ಹಿಡಿದ ಟಾಯರ್ ಚಕ್ಕಡಿಗಳು ರಾತ್ರಿ ಎರಡಕ್ಕೂ ಮೂರಕ್ಕೂ ದಾರಿಯಲ್ಲಿರುತ್ತವೆ. ಟ್ರಾಲಿಯ ಹಿಂದಿನ ಕೆಂಪು ದೀಪ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದ್ದರೂ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಚಕ್ಕಡಿಗಂತೂ ಕಂದೀಲಿನ ಕಾಲವೂ ಹೋಯಿತು. ಮಾಘ ಮಾಸದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಈ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಹೋಗುವವರು ಇಂದಿಗೂ ಇದ್ದಾರೆ. ಆಷಾಢ, ಕಾರ್ತಿಕದ ಏಕಾದಶಿಗೆ ಪಂಢರಪುರಕ್ಕೆ ನಡೆಯುವ ದಿಂಡಿಗಳು ಬೆಳಗಿನ ಜಾವದ ಕತ್ತಲೆಯಲ್ಲೇ ಹೆಜ್ಜೆ ಹಾಕಲು ತೊಡಗುತ್ತವೆ.

ಇವರಲ್ಲಿ ಯಾರ ಬಳಿಯೂ ಆ ಕ್ಯಾಮರಾ ಹುಡುಕುವ ದೀಪ ಇಲ್ಲ. ದೀಪ ಕಾಣದಿದ್ದರೆ ಅದರ ಲೆಕ್ಕದಲ್ಲಿ ರಸ್ತೆ ಖಾಲಿ. ಖಾಲಿ ಎಂದರೆ ಅಪ್ಪರ್.

ಕಳೆದ ಹಂಗಾಮಿನಲ್ಲಿ ನನ್ನ ಅಣ್ಣನ ಮಗ ಹೊಸ ಕಾರು ತಂದ. ಅಥಣಿಯಲ್ಲಿ ಬೀಗರ ಮದುವೆ ಮುಗಿಸಿ ರಾತ್ರಿ ಇಬ್ಬರೂ ಮಿರಜಕ್ಕೆ ಹೊರಟಿದ್ದೆವು. ಅವನು ಹಿಗ್ಗಿನಿಂದ ಹೇಳಿದ: “ಕಾಕಾ, ಇನ್ನ ಅಪ್ಪರ್-ಡಿಪ್ಪರ್ ಚಿಂತೀನ ಇಲ್ಲ. ಗಾಡಿಗೇ ಕಣ್ಣ ಬಂದಾವು. ಎದರಿಗೆ ಗಾಡಿ ಬಂತಂದ್ರ ತಾನ ಇಳಸ್ತದ, ಹೋತಂದ್ರ ತಾನ ಏರಸ್ತದ.” ನಿಜವೇ. ಎದುರಿಗೆ ಎರಡು ಲಾರಿ, ಒಂದು ಬಸ್ಸು ಬಂದವು. ಮೂರು ಸಲವೂ ದೀಪ ಹೇಳಿದಂತೆ ಕೇಳಿತು. ನಾನೂ ಭೇಷ್ ಎಂದೆ.

ಕಾಗವಾಡದ ಈಚೆಗೆ ಕಬ್ಬಿನ ಚಕ್ಕಡಿಗಳ ಸಾಲು ಎದುರಾಯಿತು. ಮೊದಲು ಕಂಡದ್ದು ಎತ್ತುಗಳ ಕಣ್ಣು, ಬೆಂಕಿಯ ಕಿಡಿಯ ಹಾಗೆ. ದೀಪ ಇಳಿಯಲಿಲ್ಲ. ಮುಂದಿನ ಎತ್ತು ತಲೆ ಕೊಡವಿ ರಸ್ತೆಯ ನಡುವಿಗೆ ಎಳೆಯತೊಡಗಿತು. ಚಕ್ಕಡಿಯವನು ಒಂದು ಕೈಯಲ್ಲಿ ಹಗ್ಗ ಜಗ್ಗಿ, ಇನ್ನೊಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದ. ಕಬ್ಬಿನ ಹೊರೆಯ ಮೇಲೆ ಒಂದು ಹೆಣ್ಣುಮಗಳು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಿದ್ದಳು. ನಮ್ಮ ಹುಡುಗ ಲಿವರ್ ಜಗ್ಗಿ ಬೆಳಕು ಇಳಿಸಿ ಗಾಡಿಯನ್ನು ಬಾಜೂಕ್ಕೆ ತಂದು ನಿಲ್ಲಿಸಿದ. ಸಾಲು ದಾಟುವಾಗ ಚಕ್ಕಡಿಯವನು ಸಿಟ್ಟಿಲ್ಲದೆ ಇಷ್ಟೇ ಹೇಳಿದ: “ತಮ್ಮಾ, ಲೈಟ್ ಇಳಸ್ಕೋತ ಬಾರೋ. ಎತ್ತ ಬೆದರಿದ್ರ ನಮ್ಮ ಕೈಯಾಗ ಇರೂದಿಲ್ಲ.”

ಸ್ವಲ್ಪ ಹೊತ್ತು ಹುಡುಗ ಮಾತಾಡಲಿಲ್ಲ. ಆಮೇಲೆ ಕೇಳಿದ: “ಕಾಕಾ, ಇದಕ್ಕ ಚಕ್ಕಡಿ ಕಾಣಲಿಲ್ಲೇನು?”

“ಅದು ದೀಪ ನೋಡ್ತದಪಾ. ಮನಶ್ಯಾರನ್ನ ನೋಡಾಕ ನೀನ ಅದೀ” ಎಂದೆ.

ಮರುದಿನ ಗಾಡಿಯ ಜೊತೆ ಬಂದ ಪುಸ್ತಕ ತೆಗೆದು ನೋಡಿದೆವು. ಎಲ್ಲ ಅದರಲ್ಲೇ ಇತ್ತು. ದೀಪವಿಲ್ಲದ ಗಾಡಿ, ಸೈಕಲ್ಲು, ಕಾಲ್ನಡಿಗೆಯವರು ಕಾಣದೆ ಹೋಗಬಹುದು. ತಿರುವು, ಏರು-ಇಳಿತಗಳಲ್ಲಿ ತಡವಾಗಬಹುದು. ಮಳೆ, ಮಂಜು, ಗಾಜಿನ ಮೇಲಿನ ಕೆಸರು ಅಡ್ಡಿ ಮಾಡಬಹುದು. ಹೊಣೆ ಚಾಲಕನದೇ, ಬೇಕಾದಾಗ ಕೈಯಿಂದ ಇಳಿಸತಕ್ಕದ್ದು ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿತ್ತು. ಸಾಲದ ಕಾಗದದ ಸಣ್ಣ ಅಕ್ಷರ ಓದದೆ ಸಹಿ ಮಾಡುವವರನ್ನು ನಾನು ಕೌಂಟರಿನ ಹಿಂದೆ ಕುಳಿತು ಬಹಳ ವರ್ಷ ನೋಡಿದ್ದೇನೆ. ಗಾಡಿಯ ಪುಸ್ತಕವನ್ನಂತೂ ಯಾರೂ ತೆರೆಯುವುದೇ ಇಲ್ಲ.

ಇನ್ನೊಂದು ಸಂದರ್ಭವಿದೆ. ರತ್ನಾಗಿರಿ-ನಾಗಪುರ ಹೆದ್ದಾರಿಯಂಥ ದೊಡ್ಡ ರಸ್ತೆಯಲ್ಲಿ ನಡುವೆ ಡಿವೈಡರ್ ಇರುತ್ತದೆ. ಅದರ ಗೋಡೆಯೋ ಗಿಡಗಳೋ ಆಚೆಯ ಲಾರಿಯ ದೀಪವನ್ನು ನಮ್ಮ ಕ್ಯಾಮರಾಕ್ಕೆ ಮರೆಮಾಡುತ್ತವೆ. ಆದರೆ ಲಾರಿ ಡ್ರೈವರ್ ಎತ್ತರದಲ್ಲಿ ಕುಳಿತಿರುತ್ತಾನೆ. ನಮ್ಮ ಅಪ್ಪರ್ ಸೀದಾ ಅವನ ಮುಖಕ್ಕೆ ಬೀಳುತ್ತದೆ. ನಮಗೆ ಅವನು ಕಾಣುವುದಿಲ್ಲ, ಅವನಿಗೆ ರಸ್ತೆ ಕಾಣುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಹೇಳಿದರು. ಈ ದೀಪಗಳ ಕತ್ತಲೆ ಬುಡ ಬಿಟ್ಟು ಎದುರಿನವರ ಕಣ್ಣಿಗೆ ಹೋಗಿದೆ.

ನಮ್ಮ ಮಿರಜ ದವಾಖಾನೆಗಳ ಊರು. ಅಥಣಿ, ರಾಯಬಾಗ, ಜತ್ತ, ವಿಜಯಪುರದ ಕಡೆಯಿಂದ ರೋಗಿಗಳು ವೇಳೆ ಅವೇಳೆ ಎನ್ನದೆ ಇಲ್ಲಿಗೆ ಬರುತ್ತಾರೆ. ಬಾಣಂತಿಯನ್ನೋ ಎದೆನೋವಿನವನನ್ನೋ ಹಾಕಿಕೊಂಡು ಕತ್ತಲೆಯಲ್ಲಿ ಧಾವಿಸುವ ಗಾಡಿಯ ಡ್ರೈವರನ ಕಣ್ಣನ್ನು ಕುರುಡು ಮಾಡುವ ಹಕ್ಕು ನಮಗೆ ಯಾರು ಕೊಟ್ಟರು? ಆ ಗಾಡಿಯಲ್ಲಿ ನಮ್ಮ ಮನೆಯವರೇ ಇರಬಹುದಲ್ಲವೇ?

ಹಾಗಾದರೆ ಏನು ಮಾಡಬೇಕು? ನನಗೆ ತಿಳಿದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ತಾನಾಗಿ ಇಳಿಯುವ ದೀಪವಿದ್ದವರು ಅದನ್ನು ಬಳಸಿರಿ, ಆದರೆ ಕೈ ಲಿವರಿನ ಹತ್ತಿರವೇ ಇರಲಿ. ಕಬ್ಬಿನ ಹಂಗಾಮಿನಲ್ಲಿ, ಜಾತ್ರೆ, ದಿಂಡಿಗಳ ದಿನಗಳಲ್ಲಿ ಹಳ್ಳಿಯ ರಸ್ತೆ ಹಿಡಿದಾಗ ಆ ಏರ್ಪಾಡನ್ನು ಬಂದ್ ಮಾಡಿ ಸ್ವತಃ ಇಳಿಸುವುದೇ ಲೇಸು. ಮುಂದಿನ ಗಾಜನ್ನು, ವಿಶೇಷವಾಗಿ ಕ್ಯಾಮರಾದ ಎದುರಿನ ಭಾಗವನ್ನು, ದಿನವೂ ಒರೆಸಿರಿ.

ಎರಡನೆಯದು, ಬೀದಿದೀಪ ಇರುವಲ್ಲಿ ಅಪ್ಪರ್ ಬೇಡ. ಸಾಂಗಲಿಯಿಂದ ವಿಶ್ರಾಮಬಾಗ ದಾಟಿ ಮಿರಜಕ್ಕೆ ಬರುವ ರಸ್ತೆಯಲ್ಲಿ ಅಪ್ಪರಿಗೆ ಏನು ಕೆಲಸ? ಮುಂದಿನ ಗಾಡಿಯ ಬೆನ್ನು ಹಿಡಿದು ಹೋಗುವಾಗಲೂ ಬೇಡ. ನಮ್ಮ ಬೆಳಕು ಅವನ ಕನ್ನಡಿಯಲ್ಲಿ ಬಿದ್ದು ಅವನ ಕಣ್ಣಿಗೇ ಹೊಡೆಯುತ್ತದೆ.

ಮೂರನೆಯದು, ಬಲ್ಬಿನ ಹುಚ್ಚು ಬಿಡಿರಿ. ಸಾಮಾನ್ಯ ಹ್ಯಾಲೊಜನ್ ದೀಪ ಅಪ್ಪರಿಗೆ 60, ಡಿಪ್ಪರಿಗೆ 55 ವಾಟ್ಸಿನದು. ದೀಪದ ಒಳಗಿನ ಕನ್ನಡಿಯನ್ನು ಆ ಬಲ್ಬಿನ ತಂತಿ ಎಲ್ಲಿ ಉರಿಯುತ್ತದೆ ಎಂಬುದನ್ನು ಅಳೆದು ಮಾಡಿರುತ್ತಾರೆ. ಅದರಲ್ಲಿ ಪೇಟೆಯ ಹೆಚ್ಚು ವಾಟ್ಸಿನ ಬಲ್ಬನ್ನೋ ಕಣ್ಣು ಕೋರೈಸುವ ಬಿಳಿ ಎಲ್‌ಇಡಿಯನ್ನೋ ತುರುಕಿದರೆ ಬೆಳಕು ಎಲ್ಲೆಂದರಲ್ಲಿ ಚದುರುತ್ತದೆ. ಆಮೇಲೆ ಡಿಪ್ಪರ್ ಒತ್ತಿದರೂ ಅದು ಎದುರಿನವನಿಗೆ ಅಪ್ಪರೇ. ಹಿಂದಿನ ಸೀಟಿನಲ್ಲಿ ಮಂದಿ, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಗಾಡಿಯ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ಅದನ್ನು ಇಳಿಸುವ ಸಣ್ಣ ಗಾಲಿ ಹಲವು ಕಾರುಗಳಲ್ಲಿದೆ, ಬಳಸಿರಿ. ವರ್ಷಕ್ಕೊಮ್ಮೆ ಗ್ಯಾರೇಜಿನಲ್ಲಿ ಗೋಡೆಗೆ ಬೆಳಕು ಬಿಟ್ಟು ಸರಿಮಾಡಿಸಿರಿ.

ನಾಲ್ಕನೆಯದು, ಎದುರಿನವನು ಅಪ್ಪರ್ ಇಳಿಸದಿದ್ದರೆ ಒಂದು ಸಲ ದೀಪ ಮಿನುಗಿಸಿ ತಿಳಿಸಿರಿ. ಇಳಿಸಿದರೆ ಸರಿ. ಇಲ್ಲದಿದ್ದರೆ ಸೇಡಿಗೆ ನಾವೂ ಅಪ್ಪರ್ ಹಾಕಬಾರದು. ಒಬ್ಬ ಕುರುಡನಿರುವ ರಸ್ತೆಯಲ್ಲಿ ಇಬ್ಬರು ಕುರುಡರಾದರೆ ಯಾರಿಗೆ ಲಾಭ? ವೇಗ ಇಳಿಸಿ, ಆ ಬೆಳಕನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ದೃಷ್ಟಿ ಇಟ್ಟು ನಡೆಸಿರಿ. ನಮ್ಮ ದೇಶದ ಡಿಪ್ಪರ್ ಬೆಳಕು ಎಡಗಡೆಗೆ ಸ್ವಲ್ಪ ಹೆಚ್ಚು ದೂರ ಬೀಳುವಂತೆಯೇ ಮಾಡಿರುತ್ತಾರೆ.

ಚಕ್ಕಡಿಯವರಿಗೂ ಟ್ರ್ಯಾಕ್ಟರಿನವರಿಗೂ ಒಂದು ವಿನಂತಿ. ಹಿಂದೆ ಮುಂದೆ ಕೆಂಪು ಬಿಳಿ ರೇಡಿಯಂ ಪಟ್ಟಿ ಅಂಟಿಸಿರಿ, ಸೋಗೆಯಿಂದ ಮುಚ್ಚದಂತೆ ನೋಡಿರಿ. ನೊಗಕ್ಕೆ ಒಂದು ಬ್ಯಾಟರಿ ದೀಪ ಕಟ್ಟಿದರೆ ಬಹಳ ಖರ್ಚಿಲ್ಲ. ನಡೆದು ಹೋಗುವವರು ಬಿಳಿ ಬಟ್ಟೆ ತೊಟ್ಟು, ಪಾದಚಾರಿ ದಾರಿ ಇಲ್ಲದಲ್ಲಿ ರಸ್ತೆಯ ಬಲ ಅಂಚು ಹಿಡಿದು, ಎದುರಿನ ಗಾಡಿ ಕಾಣುವಂತೆ ನಡೆಯಿರಿ. ಆದರೆ ಒಂದು ಮಾತು. ರೇಡಿಯಂ ಹಚ್ಚಲು ಹಣವಿಲ್ಲದ ಬಡವ ಎದುರು ಬಂದನೆಂದು ಅವನ ಕಣ್ಣು ಕುಕ್ಕಲು ನಮಗೆ ಪರವಾನಿಗೆ ಸಿಕ್ಕಂತಾಗುವುದಿಲ್ಲ. ಕಾರಿನವನ ಹೊಣೆ ಕಾರಿನವನಿಗೇ.

ಬಂಧುಗಳೆ, ಯಂತ್ರ ಬೇಡ ಎನ್ನುವ ಕಾಲ ಇದಲ್ಲ. ನಮ್ಮ ಬ್ಯಾಂಕಿಗೆ ಕಂಪ್ಯೂಟರ್ ಬಂದಾಗಲೂ ಲೆಡ್ಜರಿನ ಕೆಲಸ ಹಗುರಾಯಿತು, ಲೆಕ್ಕ ಬೇಗ ಆಯಿತು. ಆದರೂ ಸಂಜೆ ನಗದು ಪೆಟ್ಟಿಗೆ ಮುಚ್ಚುವ ಮೊದಲು ನೋಟು ಎಣಿಸುವುದನ್ನು ನಾವು ಬಿಡಲಿಲ್ಲ. ಕೂಡಿಸುವುದನ್ನು ಯಂತ್ರಕ್ಕೆ ಕೊಟ್ಟೆವು, ಜವಾಬ್ದಾರಿಯ ಸಹಿ ನಮ್ಮದೇ ಇತ್ತು. ದೀಪದ ಮಾತೂ ಹೀಗೆಯೇ. ಬೆಳಕು ಇಳಿಸುವುದನ್ನು ಕ್ಯಾಮರಾ ಮಾಡಲಿ. ಎದುರಿಗೆ ಬರುವವನು ಯಾರು, ಅವನಿಗೆ ದಾರಿ ಕಾಣುತ್ತಿದೆಯೇ ಎಂದು ನೋಡುವುದು ಮಾತ್ರ ಸ್ಟೇರಿಂಗ್ ಹಿಡಿದವನ ಕೆಲಸವಾಗಿ ಉಳಿಯಲಿ.

ಎಲ್ಲರ ರಾತ್ರಿ ಪ್ರಯಾಣ ಸುಖಕರವಾಗಲಿ.